ಮೂರು ಫಾರಮ್ಮಿನ ಪುಸ್ತಕ

ನಮ್ಮ ಮನೆಯ ಪಡಸಾಲೆಯ ನೆಲದ ತುಂಬ 92 ಕವಿತೆಗಳು. ಫ್ಯಾನಿನ ಗಾಳಿಗೆ ಹಾರದಿರಲೆಂದು ಒಂದೊಂದು ಹಾಳೆಯ ಮೇಲೂ ಒಂದೊಂದು ಗೋಟಡಿಕೆ. ಬರೆದವಳು ಗೋಡೆಗೆ ಒರಗಿ ಕೂತಿದ್ದಳು. ಶಿರಸಿ ಕಡೆಯ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿ ಆಕೆ. ಆರು ವರ್ಷ ಬರೆದದ್ದನ್ನೆಲ್ಲ ಪ್ರಿಂಟು ತೆಗೆಸಿ, ರಟ್ಟಿನ ಫೈಲಿಗೆ ಹಾಕಿಕೊಂಡು ಬಂದಿದ್ದಳು.

“ಎಲ್ಲ ಸೇರಿದ್ರೆ ನೂರಿಪ್ಪತ್ತು ಪುಟ ಆಗ್ತದೆ ಸರ್. ಅಷ್ಟಾದ್ರೂ ಇಲ್ದಿದ್ರೆ ಪುಸ್ತಕ ಅನ್ನಿಸೋದಿಲ್ಲ ಅಂತಾರೆ ಎಲ್ಲರೂ.”

“ಎಷ್ಟು ತೆಗೀಬಹುದು ಅಂತ ಮೊದ್ಲು ನೋಡೋಣ ಮಾರಾಯ್ತಿ” ಅಂದೆ.

ಅವಳ ಮುಖ ಸಣ್ಣಗಾಯಿತು. ಸಂಕಲನ ಮಾಡಿಕೊಡಿ ಅಂತ ಬಂದವಳಿಗೆ ನಾನು ತೆಗೆಯುವ ಮಾತಾಡಿದ್ದೆ. ಆದರೆ ಪ್ರೈಮರಿ ಶಾಲೆಯ ಗಣಿತ ಪುಸ್ತಕದಲ್ಲಿ ಸಂಕಲನದ ಪಾಠ ಮುಗಿದ ಕೂಡಲೇ ಬರುವುದು ವ್ಯವಕಲನ. ಕೂಡುವುದನ್ನು ಕಲಿತವರು ಕಳೆಯುವುದನ್ನೂ ಕಲಿಯಬೇಕು. ನಮ್ಮ ಕವಿಗಳಲ್ಲಿ ಹೆಚ್ಚಿನವರು ಮೊದಲ ಪಾಠಕ್ಕೇ ಶಾಲೆ ಬಿಟ್ಟವರು. ನಾನೂ ಅವರಲ್ಲೊಬ್ಬ. ಆ ಕತೆ ಮುಂದೆ ಹೇಳುತ್ತೇನೆ.

ಜಾತ್ರೆಯಿಂದ ಬಂದ ದಾರಿ

ಇಂಗ್ಲೆಂಡಿನಲ್ಲಿ ತೆಳ್ಳಗಿನ ಕವಿತೆ ಪುಸ್ತಕಕ್ಕೆ ‘ಚಾಪ್‌ಬುಕ್’ ಎಂಬ ಹೆಸರುಂಟು. ಸೂಜಿ, ದಾರ, ರಿಬ್ಬನ್ನು ಹೊತ್ತು ಊರೂರು ತಿರುಗುತ್ತಿದ್ದ ‘ಚಾಪ್‌ಮನ್’ ಎಂಬ ತಲೆಹೊರೆ ವ್ಯಾಪಾರಿ ತನ್ನ ಗಂಟಿನಲ್ಲಿ ಲಾವಣಿ, ಕತೆಗಳ ಅಗ್ಗದ ಪುಸ್ತಿಕೆಗಳನ್ನೂ ಇಟ್ಟುಕೊಂಡಿರುತ್ತಿದ್ದ. ಅವನಿಂದಲೇ ಪುಸ್ತಕಕ್ಕೆ ಆ ಹೆಸರು. ದೊಡ್ಡ ಹಾಳೆಯೊಂದನ್ನು ಅಚ್ಚು ಹಾಕಿ ಮಡಚಿದರೆ ಎಂಟೋ ಹದಿನಾರೋ ಪುಟ. ನಡುವೆ ಹೊಲಿಗೆ ಹಾಕಿದರೆ ಪುಸ್ತಕ ತಯಾರು.

ಹೆಸರು ಬೇರೆಯಾದರೂ ಪದಾರ್ಥ ನಮಗೂ ಹೊಸದಲ್ಲ. ಜಾತ್ರೆಯಲ್ಲಿ ಬಳೆಯಂಗಡಿಯ ಪಕ್ಕ ಗೋಣಿತಟ್ಟಿನ ಮೇಲೆ ಹರಡಿರುತ್ತಿದ್ದ ಭಜನೆ ಪುಸ್ತಕ, ತತ್ವಪದದ ಪುಸ್ತಕ, ಯಕ್ಷಗಾನ ಪ್ರಸಂಗದ ಪುಸ್ತಕ, ಟಾಕೀಸಿನ ಹೊರಗೆ ಚಿಲ್ಲರೆ ಕಾಸಿಗೆ ಸಿಗುತ್ತಿದ್ದ ಸಿನಿಮಾ ಹಾಡಿನ ಪುಸ್ತಕ ಎಲ್ಲವೂ ಇದೇ ಜಾತಿ. ಜೇಬಿಗೆ ಹಿಡಿಸುತ್ತಿದ್ದವು, ಹಾಡಿಕೊಳ್ಳಲು ಒದಗುತ್ತಿದ್ದವು, ಹರಿದರೆ ಮುಂದಿನ ಜಾತ್ರೆಯಲ್ಲಿ ಇನ್ನೊಂದು ಸಿಗುತ್ತಿತ್ತು.

ದೊಡ್ಡ ಕವಿಗಳು ಹೊರಟದ್ದೂ ಸಣ್ಣ ಪುಸ್ತಕದಿಂದಲೇ. ಕುವೆಂಪು ಅವರ ಮೊದಲ ಪ್ರಕಟಿತ ಕೃತಿ 1922ರಲ್ಲಿ ಬಂದ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವಿತೆಗಳ ಪುಟ್ಟ ಪುಸ್ತಿಕೆ. ಆಮೇಲೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಹೇಳಿದ್ದು, ‘ಕೊಳಲು’ 1930ರಲ್ಲಿ ಬಂದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಬೇಂದ್ರೆಯವರ ‘ಕೃಷ್ಣಕುಮಾರಿ’ ಬಂದದ್ದೂ 1922ರಲ್ಲೇ. ‘ಗರಿ’ ಬಿಚ್ಚಲು ಮತ್ತೆ ಹತ್ತು ವರ್ಷ ಬೇಕಾಯಿತು. ಈ ನಡುವಿನ ವರ್ಷಗಳನ್ನು ನಾವು ಸಾಹಿತ್ಯ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ದಾಟಿಬಿಡುತ್ತೇವೆ. ಹೊಸ ಕವಿಗಳು ಕಲಿಯಬೇಕಾದದ್ದು ಇರುವುದು ಅಲ್ಲಿಯೇ.

ನಮ್ಮ ಕಾಲಕ್ಕೆ ಹತ್ತಿರ ಬಂದರೆ ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಕನ್ನಡ ಸಂಘ. ಅಲ್ಲಿ ಮೇಷ್ಟರಾಗಿದ್ದ ಚಿ. ಶ್ರೀನಿವಾಸರಾಜು ವಿದ್ಯಾರ್ಥಿಗಳಿಗೆ ಬೇಂದ್ರೆ ಹೆಸರಿನಲ್ಲಿ ಕವನ ಸ್ಪರ್ಧೆ ನಡೆಸಿದರು. ಗೆದ್ದ ಕವಿತೆಗಳನ್ನು ಪುಸ್ತಕ ಮಾಡಿದರು. ಹೊಸಬರ ಮೊದಲ ಸಂಕಲನಗಳನ್ನು ಕಡಿಮೆ ಬೆಲೆಗೆ ತಂದರು. ಕಾಲೇಜಿನ ಸಂಘವೊಂದು ಪ್ರಕಾಶನ ಸಂಸ್ಥೆಯ ಹಾಗೆ ಕೆಲಸ ಮಾಡಿದ್ದಕ್ಕೆ ಕನ್ನಡದಲ್ಲಿ ಅಂಥ ಇನ್ನೊಂದು ಉದಾಹರಣೆ ಹುಡುಕುವುದು ಕಷ್ಟ. ಆ ಪುಸ್ತಕಗಳ ಗುಣ ತೆಳುವಾಗಿರುವುದರಲ್ಲೇ ಇತ್ತು. ಹುಡುಗರು ಕೊಳ್ಳಬಹುದಿತ್ತು, ಬಸ್ಸಿನಲ್ಲಿ ಓದಿ ಮುಗಿಸಬಹುದಿತ್ತು.

ಫಾರಂ ಲೆಕ್ಕ

ಮುದ್ರಣದವರು ಪುಸ್ತಕವನ್ನು ಅಳೆಯುವುದು ಪುಟದಲ್ಲಲ್ಲ, ಫಾರಮ್ಮಿನಲ್ಲಿ. ಒಂದು ಡೆಮಿ ಹಾಳೆಯನ್ನು ಎರಡೂ ಮಗ್ಗುಲು ಮುದ್ರಿಸಿ ಮೂರು ಸಲ ಮಡಚಿದರೆ ಎಂಟು ಎಲೆ, ಹದಿನಾರು ಪುಟ. ಅದೇ ಒಂದು ಫಾರಂ. ಕನ್ನಡ ಪುಸ್ತಕಗಳ ಎರಡನೆಯ ಪುಟದಲ್ಲಿ ‘ಡೆಮಿ 1/8’ ಎಂದು ಕಾಣುವುದು ಇದೇ. ಮೂರು ಫಾರಂ ಎಂದರೆ 48 ಪುಟ. 500 ಪ್ರತಿಗೆ 1,500 ಹಾಳೆ, ಅಂದರೆ ಮೂರು ರೀಮು; ಹಾಳಾಗುವ ಕಾಗದ ಬೇರೆ. 49ನೆಯ ಪುಟ ಬೇಕೆಂದರೆ ಮತ್ತೊಂದು ಫಾರಂ, ಹೋಗಲಿ ಅರ್ಧ ಫಾರಮ್ಮಾದರೂ ತೆಗೆಯಬೇಕು. ಹೀಗೆ ತೆಗೆದ ಫಾರಂ ತುಂಬಿಸುವುದಕ್ಕೆಂದೇ ಎಷ್ಟೋ ಕವಿತೆಗಳು ಹುಟ್ಟಿವೆ.

ತಮಾಷೆ ಏನೆಂದರೆ, 1964ರಲ್ಲಿ ಯುನೆಸ್ಕೊ ಅಂಕಿಅಂಶದ ಅನುಕೂಲಕ್ಕಾಗಿ ಮಾಡಿದ ವ್ಯಾಖ್ಯೆಯಲ್ಲಿ ಪುಸ್ತಕ ಅನ್ನಿಸಿಕೊಳ್ಳಲು ರಕ್ಷಾಪುಟ ಬಿಟ್ಟು ಕನಿಷ್ಠ 49 ಪುಟ ಇರಬೇಕು. ಐದರಿಂದ 48 ಪುಟದವರೆಗಿನದು ಕಿರುಹೊತ್ತಿಗೆ. ಮೂರು ಫಾರಮ್ಮಿನ ಪುಸ್ತಕ ಒಂದೇ ಒಂದು ಪುಟದಲ್ಲಿ ಆ ಪದವಿಯನ್ನು ಕಳೆದುಕೊಳ್ಳುತ್ತದೆ. ಇದನ್ನು ಹೇಳಿದಾಗ ಹುಡುಗಿ ನಕ್ಕಳು. ಅವತ್ತು ಅವಳು ನಕ್ಕದ್ದು ಅದೇ ಮೊದಲು.

ಪುಟ ಹಿಗ್ಗಿಸುವ ಚಟಕ್ಕೆ ನಮ್ಮಲ್ಲಿ ಬೇರೆ ಕಾರಣವೂ ಇದೆ. ಗ್ರಂಥಾಲಯದ ಸಗಟು ಖರೀದಿಯಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಅಲ್ಲಿ ಕಾದಂಬರಿಯ ಪುಟಕ್ಕೂ ಕವಿತೆಯ ಪುಟಕ್ಕೂ ಭೇದವಿಲ್ಲ. ಪ್ರಕಾಶಕ ನೂರಿಪ್ಪತ್ತು ಪುಟ ಕೇಳಿದರೆ ಅವನನ್ನು ದೂರುವಂತಿಲ್ಲ, ಅವನ ಹೊಟ್ಟೆಪಾಡೂ ನಡೆಯಬೇಕು. ಆದರೆ ಆ ಲೆಕ್ಕದಲ್ಲಿ ಪೆಟ್ಟು ತಿನ್ನುವುದು ಕವಿತೆ.

ಈಗ ನನ್ನ ಕತೆ. ನನ್ನ ಮೊದಲ ಸಂಕಲನ ಬಂದದ್ದು 1994ರಲ್ಲಿ. 112 ಪುಟ, ಇಬ್ಬರು ಹಿರಿಯರ ಮುನ್ನುಡಿ, ಇನ್ನೊಬ್ಬರ ಬೆನ್ನುಡಿ, ಸಾವಿರ ಪ್ರತಿ. ಬೈಂಡಿಂಗಿನಲ್ಲಿ ಒಂದು ಎಡವಟ್ಟಾಗಿತ್ತು. ಒಂದಷ್ಟು ಪ್ರತಿಗಳಲ್ಲಿ ಮೂರನೆಯ ಫಾರಂ ಎರಡು ಸಲ ಸೇರಿ, ನಾಲ್ಕನೆಯದು ಬಿಟ್ಟೇಹೋಗಿತ್ತು. 33ರಿಂದ 48ರವರೆಗಿನ ಪುಟ ಮುಗಿದ ಮೇಲೆ ಮತ್ತೆ 33 ಶುರು. ಅದು ನನ್ನ ಕಣ್ಣಿಗೆ ಬಿದ್ದದ್ದು ಎರಡು ವರ್ಷದ ನಂತರ. ಅಷ್ಟರಲ್ಲಿ ಪುಸ್ತಕ ಊರೆಲ್ಲ ಹಂಚಿಹೋಗಿತ್ತು, ನನ್ನ ಮದುವೆಯ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆಗೂ ಹೋಗಿತ್ತು. “ಚೆನ್ನಾಗಿದೆ” ಅಂದವರು ಬಹಳ ಮಂದಿ. ಹದಿನಾರು ಪುಟ ಇಲ್ಲ ಅಂದವರು ಒಬ್ಬರೂ ಇಲ್ಲ.

ಬೈಂಡರನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಪುಸ್ತಕದ ಬಗ್ಗೆ ಬಂದ ಏಕೈಕ ಪ್ರಾಮಾಣಿಕ ವಿಮರ್ಶೆ ಅವನದೇ. ಆ ಹದಿನಾರು ಪುಟ ಇಲ್ಲದಿದ್ದರೂ ನಡೆಯುತ್ತಿತ್ತು.

ಇರಲಿ, ಹೋಗಲಿ, ನೋಡೋಣ

ಹಾಗಾಗಿ ಪಡಸಾಲೆಯಲ್ಲಿ ಮೂರು ರಾಶಿ ಮಾಡಿದೆವು: ಇರಲಿ, ಹೋಗಲಿ, ನೋಡೋಣ. ಮೊದಲ ದಿನ ಮೂರನೆಯ ರಾಶಿಯೇ ದೊಡ್ಡದಾಯಿತು. ಯಾವಾಗಲೂ ಹಾಗೇ ಆಗುವುದು. ಒಂದು ವಾರ ಬಿಟ್ಟು ಮತ್ತೆ ಕೂತಾಗ ನಾನಿಟ್ಟ ಶರತ್ತು ಒಂದೇ. ನೋಡೋಣ ರಾಶಿಯ ಕವಿತೆಯೊಂದನ್ನು ಹಾಳೆ ನೋಡದೆ ನೆನಪಿಸಿಕೊಳ್ಳಲು ಆಗದಿದ್ದರೆ ಅದು ಹೋಗಲಿ ರಾಶಿಗೆ. ಬರೆದವಳಿಗೇ ನೆನಪಿರದ ಕವಿತೆ ಓದುವವರ ನೆನಪಿನಲ್ಲಿ ಯಾಕೆ ಉಳಿಯಬೇಕು?

ಮುಂದಿನದು ಕಿವಿಯ ಪರೀಕ್ಷೆ. ಕವಿತೆಯನ್ನು ಕವಿಯೇ ಓದಿದರೆ ಪ್ರಯೋಜನವಿಲ್ಲ. ಎಲ್ಲಿ ಉಸಿರು ಎಳೆಯಬೇಕು, ಎಲ್ಲಿ ದನಿ ಇಳಿಸಬೇಕು ಎಂದು ತಿಳಿದೇ ಇರುವುದರಿಂದ ಕುಂಟುವ ಸಾಲೂ ನೆಟ್ಟಗೆ ನಡೆದಂತೆ ಕೇಳುತ್ತದೆ. ಅವರೆಕಾಯಿ ಬಿಡಿಸುತ್ತ ಕೂತಿದ್ದ ನನ್ನಾಕೆಯ ಕೈಗೆ ಹಾಳೆ ಕೊಟ್ಟೆ. ಅವಳು ಕವಿತೆಯ ಗಿರಾಕಿಯಲ್ಲ. ಪೇಪರ್ ಓದಿದ ಹಾಗೆ ಓದಿದಳು. ಅವಳು ತಡವರಿಸಿದ ಕಡೆಯೆಲ್ಲ ಹುಡುಗಿ ಪೆನ್ಸಿಲಿನಿಂದ ಗೆರೆ ಹಾಕಿಕೊಂಡಳು. ಬಚ್ಚಲ ಒಲೆಗೆ ಬೆಂಕಿ ಹಾಕುವ ಅಜ್ಜಿಯ ಮೇಲೆ ಬರೆದ ಕವಿತೆ ಬಂದಾಗ ಮಾತ್ರ ಅವಳ ಕೈಯಲ್ಲಿದ್ದ ಅವರೆಕಾಯಿ ಹಾಗೇ ನಿಂತಿತು. ಅದಕ್ಕಿಂತ ಬೇರೆ ಶಿಫಾರಸು ಬೇಕಿರಲಿಲ್ಲ.

ಕವಿಗೋಷ್ಠಿಯಲ್ಲಿ ಚಪ್ಪಾಳೆ ಗಿಟ್ಟಿಸಿದ ಆರು ಕವಿತೆಗಳಿದ್ದವು. ಅವುಗಳನ್ನು ಬಿಡಲು ಅವಳಿಗೆ ತುಂಬ ಸಂಕಟ. ಸಭೆಯಲ್ಲಿ ಕವಿತೆಯ ಅರ್ಧ ಕೆಲಸವನ್ನು ಮೈಕು, ದನಿ, ಎದುರಿನ ಜನ ಮಾಡಿರುತ್ತಾರೆ. ಹಾಳೆಯ ಮೇಲೆ ಅದು ಒಂಟಿ. ಆರರಲ್ಲಿ ಒಂದು ಉಳಿಯಿತು.

ಇನ್ನೊಂದು ಕಾಯಿಲೆಗೆ ಕಂಪ್ಯೂಟರಿನಲ್ಲೇ ಮದ್ದಿದೆ. ಪ್ರತಿ ಕವಿಗೂ ಕೆಲವು ಮುದ್ದಿನ ಪದಗಳಿರುತ್ತವೆ. ಇವಳದು ‘ಮೌನ’. ಹುಡುಕಿ ನೋಡಿದರೆ 92 ಕವಿತೆಗಳಲ್ಲಿ 41 ಸಲ ಬಂದಿತ್ತು. “ಇಷ್ಟು ಸಲ ಕೂಗಿದ್ರೆ ಅದು ಮೌನ ಹೇಗಾಗ್ತದೆ?” ಅಂದೆ. ಕೊನೆಗೆ ಪುಸ್ತಕದಲ್ಲಿ ಉಳಿದದ್ದು ಎರಡು. ‘ಕನಸು’, ‘ಬೆಳದಿಂಗಳು’ ಮತ್ತು ಸಾಲಿನ ಕೊನೆಗೆ ಇರುವೆ ಸಾಲಿನಂತೆ ಹೊರಟ ಚುಕ್ಕೆಗಳಿಗೂ ಅದೇ ಗತಿಯಾಯಿತು.

ಹದಿನೈದು ದಿನಕ್ಕೆ 30 ಕವಿತೆಗಳು ನಿಂತವು.

ಎಡಪುಟ, ಬಲಪುಟ

ಕಳೆಯುವುದು ಮುಗಿದ ಮೇಲೆ ನಿಜವಾದ ಕೂಡುವ ಲೆಕ್ಕ ಶುರುವಾಯಿತು. ಬರೆದ ತಾರೀಕಿನ ಪ್ರಕಾರ ಜೋಡಿಸಿದರೆ ಅದು ಡೈರಿ. ಅಮ್ಮನ ಕವಿತೆಗಳು, ಮಳೆಯ ಕವಿತೆಗಳು ಎಂದು ವಿಂಗಡಿಸಿದರೆ ಅಂಗಡಿಯ ಡಬ್ಬಿಗಳ ಸಾಲು. ಯಾವ ಕವಿತೆ ಯಾರ ಪಕ್ಕ ಕೂರಬೇಕು ಎಂಬುದೇ ಇಲ್ಲಿ ಪ್ರಶ್ನೆ.

ಅಜ್ಜಿಯ ಬಚ್ಚಲ ಒಲೆಯ ಕವಿತೆ ಒಂದಾದರೆ, ಸ್ಮಶಾನದಿಂದ ಮರಳಿದ ಅಪ್ಪ ತಲೆಗೆ ನೀರು ಹೊಯ್ದುಕೊಳ್ಳುವ ಕವಿತೆ ಇನ್ನೊಂದು. ಎರಡರ ನಡುವೆ ನಾಲ್ಕು ವರ್ಷದ ಅಂತರ. ಎರಡನೆಯದು ಹೋಗಲಿ ರಾಶಿಯ ಅಂಚಿನಲ್ಲಿತ್ತು. ಪುಸ್ತಕ ಬಿಚ್ಚಿದಾಗ ಎಡಪುಟದಲ್ಲಿ ಅಜ್ಜಿ, ಬಲಪುಟದಲ್ಲಿ ಅಪ್ಪ ಬರುವಂತೆ ಇಟ್ಟು ನೋಡಿದೆವು. ಅಜ್ಜಿ ಸತ್ತಳೆಂದು ಎರಡರಲ್ಲೂ ಎಲ್ಲೂ ಇಲ್ಲ. ಆದರೆ ಅವಳು ಕಾಯಿಸಿದ ಹಂಡೆಯ ನೀರೇ ಅಪ್ಪನ ತಲೆಯ ಮೇಲೆ ಬಿದ್ದಂತೆ ಕಂಡಿತು. ಬರೆಯದೆ ಇದ್ದ ಮೂರನೆಯ ಕವಿತೆಯೊಂದು ಎರಡು ಪುಟಗಳ ನಡುವಿನ ಮಡಿಕೆಯಲ್ಲಿ ಹುಟ್ಟಿಕೊಂಡಿತು. ಸಂಕಲನ ಎಂಬ ಮಾತು ಸಾರ್ಥಕವಾಗುವುದು ಇಂಥಲ್ಲಿ. ಬಿಡಿ ಕವಿತೆಗಳು ಫೋನಿನಲ್ಲೂ ಓದಲು ಸಿಗುತ್ತವೆ. ಈ ಎದುರುಬದುರು ಸಿಗುವುದು ಪುಸ್ತಕದಲ್ಲೇ.

ಎರಡು ಪುಟದ ಕವಿತೆಗಳು ಎಂಟಿದ್ದವು. ಅವು ಎಡಪುಟದಲ್ಲೇ, ಅಂದರೆ ಸಮಸಂಖ್ಯೆಯ ಪುಟದಲ್ಲೇ ಶುರುವಾಗಬೇಕೆಂದು ಹಟ ಹಿಡಿದೆವು. ಬಲಪುಟದಲ್ಲಿ ಶುರುವಾದರೆ ಓದುಗ ಹಾಳೆ ತಿರುವಬೇಕು, ಅಷ್ಟರಲ್ಲಿ ದನಿ ಹರಿಯುತ್ತದೆ. ಲೆಕ್ಕ ಹೀಗೆ ಕೂತಿತು. ಮೊದಲ ಎಂಟು ಪುಟ ಹೆಸರು, ಅರ್ಪಣೆ, ಅರಿಕೆ, ಪರಿವಿಡಿಗೆ. ಒಂಬತ್ತರಿಂದ 46ರವರೆಗೆ 38 ಪುಟ ಕವಿತೆಗೆ: ಒಂದು ಪುಟದವು 22, ಎರಡು ಪುಟದವು ಎಂಟು. 47ರಲ್ಲಿ ಮೊದಲು ಪ್ರಕಟಿಸಿದ ಪತ್ರಿಕೆಗಳ ಸ್ಮರಣೆ. 48 ಖಾಲಿ. ಬೇಂದ್ರೆಯವರಿಗೆ ಎಣಿಕೆಯೆಂದರೆ ಪ್ರಾಣ. ‘ನಾಕು ತಂತಿ’ಯಲ್ಲಿ ಇರುವುದು 44 ಕವಿತೆ. ನಮ್ಮ ಎಣಿಕೆಯಲ್ಲಿ ಅಂಥ ಗೂಢವೇನೂ ಇರಲಿಲ್ಲ, ಕಾಗದದ ಖರ್ಚಿತ್ತು ಅಷ್ಟೆ.

ಮುನ್ನುಡಿ ಎಂಬ ಕೊಡೆ

“ಮುನ್ನುಡಿ ಯಾರ ಹತ್ರ ಬರೆಸೋಣ ಸರ್?”

ಕನ್ನಡದಲ್ಲಿ ಮುನ್ನುಡಿಗೆ ದೊಡ್ಡ ಪರಂಪರೆಯೇ ಇದೆ. ಅಡಿಗರ ಮೊದಲ ಸಂಕಲನ ‘ಭಾವತರಂಗ’ 1946ರಲ್ಲಿ ಬಂದಾಗ ಅದಕ್ಕೆ ಮುನ್ನುಡಿ ಬೇಂದ್ರೆಯವರದು. 1959ರ ‘ಭೂಮಿಗೀತ’ದ ಹೊತ್ತಿಗೆ ಅದೇ ಅಡಿಗರು ತಮಗಿಂತ ಹದಿನಾಲ್ಕು ವರ್ಷ ಚಿಕ್ಕವರಾದ ಅನಂತಮೂರ್ತಿಯವರಿಂದ ಮುನ್ನುಡಿ ಬರೆಸಿದರು. ಮೊದಲನೆಯದು ಹಿರಿಯರ ಆಶೀರ್ವಾದವಾದರೆ, ಎರಡನೆಯದು ಹೊಸ ಕಾವ್ಯವನ್ನು ಓದುವ ಹೊಸ ಬಗೆಯನ್ನೇ ತೋರಿಸಿಕೊಟ್ಟ ಬರಹ. ಎರಡಕ್ಕೂ ಕೆಲಸವಿತ್ತು.

ಈಗಿನ ಮುನ್ನುಡಿಗಳಲ್ಲಿ ಬಹುಪಾಲು ದಾಕ್ಷಿಣ್ಯದ ಬೆಳೆ. ಅರವತ್ತು ಪುಟದ ಕವಿತೆಗೆ ಹನ್ನೆರಡು ಪುಟದ ಮುನ್ನುಡಿ, ಅದರ ತುಂಬ ಒಳಗಿನ ಕವಿತೆಗಳ ಸಾಲುಗಳೇ. ಓದುಗ ಕವಿತೆಗೆ ತಲುಪುವ ಹೊತ್ತಿಗೆ ಒಳ್ಳೆಯ ಸಾಲುಗಳು ಎಂಜಲಾಗಿರುತ್ತವೆ. ಮುನ್ನುಡಿ ಬೇಡವೆಂದು ತೀರ್ಮಾನಿಸಿ, ಅವಳೇ ಒಂದು ಪುಟದ ಅರಿಕೆ ಬರೆದಳು. “ಮಳೆ ಬಂದ್ರೆ ಕೊಡೆ ಬೇಡ್ವಾ ಸರ್?” ಅಂತ ಕೇಳಿದಳು. ಮೊದಲ ಪುಸ್ತಕ ಒಂದಿಷ್ಟು ನೆನೆಯಲಿ ಅಂದೆ.

ಹೆಸರಿನದೂ ಒಂದು ಪ್ರಸಂಗ. ಅವಳು ಇಟ್ಟುಕೊಂಡು ಬಂದ ಹೆಸರಿನಲ್ಲಿ ಮೌನವೂ ಇತ್ತು, ಮಾತೂ ಇತ್ತು. ಕಳೆದ ವರ್ಷಗಳಲ್ಲಿ ಬಂದ ಎಷ್ಟು ಸಂಕಲನಗಳಿಗೆ ಆ ಹೆಸರು ಹೊಂದುತ್ತದೆ ಎಂದು ಎಣಿಸಿದಾಗ ಅವಳೇ ಹೊಡೆದುಹಾಕಿದಳು. ‘ಮೈಸೂರ ಮಲ್ಲಿಗೆ’, ‘ಮನಸು ಗಾಂಧಿಬಜಾರು’ ಎಂಬ ಹೆಸರುಗಳಲ್ಲಿ ಒಂದು ಊರು, ಒಂದು ಬೀದಿ ಇದೆ. ಅದಕ್ಕೇ ಅವು ಇನ್ನೊಂದು ಪುಸ್ತಕಕ್ಕೆ ಹೊಂದುವುದಿಲ್ಲ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವವನ ಮೇಲೆ ಅವಳು ಬರೆದ ಕವಿತೆಯ ಹೆಸರೇ ಪುಸ್ತಕಕ್ಕೂ ಆಯಿತು.

ಒತ್ತಕ್ಷರದ ಗೋಳು

ಡಿಟಿಪಿ ಎಂಬುದು ಇನ್ನೊಂದು ಅಗ್ನಿಪರೀಕ್ಷೆ. ಹಳೆಯ ಕವಿತೆಗಳು ‘ನುಡಿ’ ತಂತ್ರಾಂಶದಲ್ಲಿ, ಹೊಸವು ಯೂನಿಕೋಡಿನಲ್ಲಿ ಇದ್ದವು. ಒಂದರಿಂದ ಇನ್ನೊಂದಕ್ಕೆ ಬದಲಿಸಿದಾಗ ಅರ್ಕಾವತ್ತು ಜಾಗ ತಪ್ಪಿ ‘ಸೂರ್ಯ’ ‘ಸೂಯರ್’ ಆಗಿ, ‘ಕಾರ್ಯ’ ‘ಕಾಯರ್’ ಆಗಿ ಕೂತಿತು. ಇನ್ನು ಕನ್ನಡದ ಒತ್ತುಗಳು ಸಾಲಿನ ಕೆಳಗೆ ಜೋತಾಡುವವು. ‘ರಾಷ್ಟ್ರ’, ‘ಸ್ತ್ರೀ’ಯಂಥ ಪದಗಳಲ್ಲಿ ಒತ್ತಿಗೊಂದು ಒತ್ತು. ಇಂಗ್ಲಿಷಿಗೆ ಸಾಕಾಗುವ ಸಾಲಿನಂತರ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಗಲುತ್ತದೆ. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಹದಿನೆಂಟು ಪಾಯಿಂಟಿನ ಅಂತರ ಕೊಟ್ಟ ಮೇಲೆ ಪುಟಕ್ಕೆ ಉಸಿರಾಟ ಬಂತು.

ಫೋನಿನಲ್ಲಿ, ಎ4 ಹಾಳೆಯಲ್ಲಿ ನೀಳವಾಗಿ ಕಾಣುತ್ತಿದ್ದ ಸಾಲುಗಳು ಡೆಮಿ ಪುಟದ ಅಗಲಕ್ಕೆ ಬರುವಾಗ ತಾವಾಗಿಯೇ ಮುರಿದವು. ಕನ್ನಡದ ಪದಗಳು ಸಂಧಿ ಸಮಾಸ ಸೇರಿ ಉದ್ದವಾಗುವುದರಿಂದ ಈ ತೊಂದರೆ ನಮಗೆ ಹೆಚ್ಚು. ಯಂತ್ರ ಮುರಿದಲ್ಲಿ ಬಿಡುವುದೋ, ಕವಿ ತಾನೇ ಮುರಿಯುವುದೋ? ಒಂದೊಂದು ಸಾಲಿಗೂ ಅವಳು ಉತ್ತರ ಕೊಡಬೇಕಾಯಿತು. ಮೂರು ಕವಿತೆಗಳು ಅದರಿಂದಲೇ ಚೆನ್ನಾದವು.

ಕರಡು ಮೂರು ಸಲ ನೋಡಿದೆವು. ಮೊದಲನೆಯ ಕರಡಿನಲ್ಲಿ ಅವಳ ‘ಭಾವ’ ಮಹಾಪ್ರಾಣ ಕಳೆದುಕೊಂಡು ‘ಬಾವ’ ಆಗಿ, ಪ್ರೇಮಕವಿತೆಯೊಳಗೆ ಅಕ್ಕನ ಗಂಡ ಬಂದು ಕೂತಿದ್ದ. ಹಿಂದಿನ ಕಾಲದ ಪುಸ್ತಕಗಳಲ್ಲಿ ಕೊನೆಗೆ ಅಚ್ಚಿನ ತಪ್ಪು ತಿದ್ದುವ ‘ಒಪ್ಪೋಲೆ’ ಇರುತ್ತಿತ್ತು. 48 ಪುಟದಲ್ಲಿ ಅದಕ್ಕೆ ಜಾಗವಿಲ್ಲ, ಹಾಗಾಗಿ ತಪ್ಪಿಗೂ ಜಾಗವಿರಬಾರದು. ಮೂರನೆಯ ಕರಡನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಹಿಂದುಮುಂದಾಗಿ ಓದಿದೆವು. ಅರ್ಥದ ಓಟದಲ್ಲಿ ಕಣ್ತಪ್ಪುವ ಕಾಗುಣಿತ ಆಗ ಸಿಕ್ಕಿಬೀಳುತ್ತದೆ.

ದುಡ್ಡಿನ ದಾರಿ

ಕೈಯಿಂದ ಹಣ ಹಾಕುವ ಮೊದಲು ಹೊಸ ಕವಿಗಳು ಹಸ್ತಪ್ರತಿಯನ್ನು ಸ್ಪರ್ಧೆಗೆ ಕಳಿಸಿ ನೋಡುವುದು ಒಳ್ಳೆಯದು. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ, ಗದಗದ ಲಡಾಯಿ ಪ್ರಕಾಶನದ ವಿಭಾ ಸಾಹಿತ್ಯ ಪ್ರಶಸ್ತಿ ಅಪ್ರಕಟಿತ ಕವಿತೆಗಳ ಕಟ್ಟಿಗೇ ಇರುವಂಥವು. ಯುವ ಬರಹಗಾರರ ಚೊಚ್ಚಲ ಕೃತಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನವೂ ಉಂಟು. ಇವುಗಳ ಪುಟದ ನಿಯಮ ನೋಡಿಕೊಂಡು ಅರ್ಜಿ ಹಾಕಬೇಕು. ನಿಯಮಕ್ಕಾಗಿ ಕವಿತೆ ಹೊಸೆಯಬಾರದು. ಐಎಸ್‌ಬಿಎನ್ ಎಂಬ ಹದಿಮೂರು ಅಂಕಿಯ ಸಂಖ್ಯೆಯನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಅದಕ್ಕೆಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಅವಳು ಯಾವುದಕ್ಕೂ ಕಾಯಲಿಲ್ಲ. ಎರಡು ತಿಂಗಳ ಉಳಿತಾಯ ಹಾಕಿ, ಪಟ್ಟಣದ ಸಣ್ಣ ಪ್ರೆಸ್ಸಿನಲ್ಲಿ 500 ಪ್ರತಿ ಮಾಡಿಸಿದಳು. ನಡುವೆ ಎರಡು ಪಿನ್ನು, ಒಂದೇ ಬಣ್ಣದ ರಕ್ಷಾಪುಟ. ಬಿಡುಗಡೆ ಅವಳ ಶಾಲೆಯ ಪ್ರಯೋಗಾಲಯದಲ್ಲಿ ನಡೆಯಿತು. ಹಾರವಿಲ್ಲ, ಶಾಲಿಲ್ಲ. ನನ್ನಾಕೆ ಅಜ್ಜಿಯ ಕವಿತೆ ಓದಿದಳು, ಈ ಸಲ ತಡವರಿಸಲಿಲ್ಲ.

1954ರ ಕಾಯ್ದೆಯ ಪ್ರಕಾರ ಈ ದೇಶದಲ್ಲಿ ಅಚ್ಚಾದ ಪುಸ್ತಕದ ಒಂದು ಪ್ರತಿಯನ್ನು ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸಬೇಕು. ಆ ಕಾಯ್ದೆಯಲ್ಲಿ ಕಿರುಹೊತ್ತಿಗೆಯೂ ಪುಸ್ತಕವೇ. ಅವಳು ಮರುದಿನವೇ ಅಂಚೆಗೆ ಹಾಕಿದಳು. ನನಗೊಂದು ಗೌರವ ಪ್ರತಿ ಕೊಡಲು ಬಂದಾಗ ನಾನು ಬೆಲೆ ಕೊಟ್ಟು ತೆಗೆದುಕೊಂಡೆ. ಓದುಗರಲ್ಲಿ ಕೇಳುವುದೂ ಇಷ್ಟೇ: ಮುಂದಿನ ಸಲ ಹೊಸ ಕವಿಯೊಬ್ಬರು ತೆಳ್ಳಗಿನ ಪುಸ್ತಕ ಮುಂದೆ ಹಿಡಿದರೆ ಗೌರವ ಪ್ರತಿ ಕೇಳಬೇಡಿ, ಬೆಲೆ ಕೊಟ್ಟು ಕೊಳ್ಳಿ. ಒಳಗೆ ಒಂದು ಫಾರಂ ಬಿಟ್ಟುಹೋಗಿದ್ದರೆ ದಯವಿಟ್ಟು ಅವರಿಗೆ ತಿಳಿಸಿ.